70 ಡಿಗ್ರಿ ಅಂದ್ರೆ ಏನು ಹೇಳಿದ ಹಾಗಾಯ್ತು?

ಕಂಪ್ಯೂಟರಿನಲ್ಲಿ ಗೇಮಿನ ಚಿತ್ರ ಮೂಡಿಸುವ ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡುಗಳ ವಿಮರ್ಶೆಯಲ್ಲಿ ಒಂದು ಸಾಲು ತಪ್ಪದೆ ಬರುತ್ತದೆ. "ಗೇಮ್ ಆಡುವಾಗ 70 ಡಿಗ್ರಿ ದಾಟಲಿಲ್ಲ, ಕೂಲಿಂಗ್ ಚೆನ್ನಾಗಿದೆ." ಓದಿದವರಿಗೆ ಸಮಾಧಾನವಾಗುತ್ತದೆ. ಆದರೆ ಕೋಣೆಯಲ್ಲಿ ಎಷ್ಟು ಸೆಖೆಯಿತ್ತು? ಕಾರ್ಡ್ ಎಷ್ಟು ವ್ಯಾಟ್ ಎಳೆಯುತ್ತಿತ್ತು? ಫ್ಯಾನ್ ಎಷ್ಟು ಜೋರಾಗಿ ತಿರುಗುತ್ತಿತ್ತು? ಕಾರ್ಡು ಮುಚ್ಚಿದ ಕ್ಯಾಬಿನೆಟ್ ಒಳಗಿತ್ತೋ, ಮೇಜಿನ ಮೇಲೆ ಬಯಲಲ್ಲಿತ್ತೋ? ಇದ್ಯಾವುದೂ ಗೊತ್ತಿಲ್ಲದೆ 70 ಅನ್ನುವುದು ಸುಮ್ನೆ ಒಂದು ಅಂಕಿ.

ದುಬಾರಿ ಕಾರ್ಡುಗಳಲ್ಲಿ ಈ ತಲೆನೋವು ಕಡಿಮೆ. ಅಲ್ಲಿ ಕೂಲರಿಗೆ ಧಾರಾಳವಾಗಿ ಖರ್ಚು ಮಾಡಿರುತ್ತಾರೆ. ಮಧ್ಯಮ ದರ್ಜೆಯಲ್ಲಿ ಕಾಸಿಗೆ ಕಾಸು ಲೆಕ್ಕ. ಒಂದೇ ಚಿಪ್ಪನ್ನು ಹತ್ತಾರು ಕಂಪನಿಗಳು ಬೇರೆ ಬೇರೆ ವೇಷದಲ್ಲಿ ಮಾರುತ್ತವೆ. ಒಂದರಲ್ಲಿ ಎರಡು ಪುಟ್ಟ ಫ್ಯಾನ್, ಒಂದು ಅಲ್ಯೂಮಿನಿಯಂ ತುಂಡು. ಇನ್ನೊಂದರಲ್ಲಿ ಮೂರು ಫ್ಯಾನ್, ತಾಮ್ರದ ಪೈಪು, ಮೇಲೊಂದಿಷ್ಟು ಬಣ್ಣದ ದೀಪ. ಒಳಗಿನ ಚಿಪ್ ಅದೇ. ಹಾಗಾಗಿ ಇಲ್ಲಿ ನಾವು ನಿಜಕ್ಕೂ ಅಳೆಯುತ್ತಿರುವುದು ಕೂಲರನ್ನು, ಮತ್ತು ಅದಕ್ಕಾಗಿ ಕೇಳುವ ಹೆಚ್ಚುವರಿ ಹಣವನ್ನು.

ಮೊದಲು ಬಿಸಿಯ ಲೆಕ್ಕ ನೋಡೋಣ. 2021ರಲ್ಲಿ ಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 3060 ಕಾರ್ಡಿನ ವಿದ್ಯುತ್ ಮಿತಿ 170 ವ್ಯಾಟ್. ಚಿಪ್ಪಿನ ವಿಸ್ತೀರ್ಣ 276 ಚದರ ಮಿಲಿಮೀಟರ್, ಅಂದರೆ ಮೂರು ಚದರ ಸೆಂಟಿಮೀಟರ್ ಕೂಡ ಇಲ್ಲ. ಅಷ್ಟೂ ವಿದ್ಯುತ್ ಚಿಪ್ಪಿಗೇ ಹೋಗುತ್ತದೆ ಎಂದುಕೊಂಡರೆ ಪ್ರತಿ ಚದರ ಸೆಂಟಿಮೀಟರಿಗೆ 60 ವ್ಯಾಟ್ ದಾಟುತ್ತದೆ. ಮೆಮೊರಿ ಮತ್ತು ವಿದ್ಯುತ್ ಭಾಗಗಳ ಪಾಲು ಕಳೆದರೆ ಸ್ವಲ್ಪ ಇಳಿಯುತ್ತದೆ. 18 ಸೆಂಟಿಮೀಟರ್ ಅಗಲದ, 1500 ವ್ಯಾಟಿನ ವಿದ್ಯುತ್ ಒಲೆಯಲ್ಲಿ ಇದೇ ಲೆಕ್ಕ ಆರು ವ್ಯಾಟಿಗೆ ನಿಲ್ಲುತ್ತದೆ. ಒಲೆ ಕೆಂಪಗಾಗುತ್ತದೆ, ಚಿಪ್ 70ರಲ್ಲೇ ಇರಬೇಕು. ಕೂಲರಿನ ಕೆಲಸ ಏನು ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ.

2023ರ ಆರ್‌ಟಿಎಕ್ಸ್ 4060 ಎಳೆಯುವುದು 115 ವ್ಯಾಟ್ ಮಾತ್ರ. "ಆರಾಮ, ತಂಪಾಗಿರುತ್ತದೆ" ಅನ್ನಿಸುತ್ತದೆ ಅಲ್ವಾ? ಆದರೆ ಅದರ ಚಿಪ್ 159 ಚದರ ಮಿಲಿಮೀಟರಿಗೆ ಕುಗ್ಗಿದೆ. ಅದೇ ರೀತಿ ಭಾಗಿಸಿದರೆ ಪ್ರತಿ ಚದರ ಸೆಂಟಿಮೀಟರಿಗೆ 70 ವ್ಯಾಟಿಗೂ ಜಾಸ್ತಿ. ಒಟ್ಟು ಬಿಸಿ ಇಳಿಯಿತು, ಆದರೆ ಸಣ್ಣ ಜಾಗದಲ್ಲಿ ಇನ್ನಷ್ಟು ಒತ್ತಾಯಿತು.

ಈ ಬಿಸಿ ಚಿಪ್ಪಿನಿಂದ ಗಾಳಿಗೆ ಹೋಗುವ ದಾರಿಯಲ್ಲಿ ಮೊದಲ ಮೆಟ್ಟಿಲೇ ಜಾರುವುದು. ಶಾಖ ಸಾಗಿಸುವ ಗುಣದಲ್ಲಿ ತಾಮ್ರಕ್ಕೆ 400 ಅಂಕ ಕೊಟ್ಟರೆ ಅಲ್ಯೂಮಿನಿಯಂಗೆ 235ರ ಆಸುಪಾಸು ಸಿಗುತ್ತದೆ. ಚಿಪ್ಪಿಗೂ ಕೂಲರಿಗೂ ನಡುವೆ ಹಚ್ಚುವ ಸಾಮಾನ್ಯ ಥರ್ಮಲ್ ಪೇಸ್ಟ್ ಹತ್ತನ್ನೂ ಮುಟ್ಟುವುದಿಲ್ಲ. ಗಾಳಿಗೆ 0.03ಕ್ಕಿಂತ ಕಡಿಮೆ. ಪೇಸ್ಟ್ ಹಚ್ಚುವುದು ಅದು ಶಾಖವನ್ನು ಅದ್ಭುತವಾಗಿ ಸಾಗಿಸುತ್ತದೆ ಅಂತಲ್ಲ, ಚಿಪ್ಪಿಗೂ ಕೂಲರಿನ ಲೋಹಕ್ಕೂ ನಡುವಿನ ಗಾಳಿಗಿಂತ ಎಷ್ಟೋ ವಾಸಿ ಅಂತ. ಅದಕ್ಕೇ ಪದರ ತೆಳ್ಳಗಿರಬೇಕು, ಸ್ಕ್ರೂಗಳು ಸಮನಾಗಿ ಬಿಗಿದಿರಬೇಕು. ಒಂದು ಮೂಲೆಯಲ್ಲಿ ಸ್ಕ್ರೂ ಸಡಿಲವಾದರೂ ಆ ಮೂಲೆಯ ಬಿಸಿ ಏರುತ್ತದೆ.

ಆಮೇಲೆ ಬರುವುದು ಹೀಟ್ ಪೈಪ್. ನೋಡಲು ತಾಮ್ರದ ಕೊಳವೆ, ಒಳಗೆ ಟೊಳ್ಳು. ಗಾಳಿಯನ್ನು ಹೊರಗೆಳೆದು ಸ್ವಲ್ಪವೇ ಸ್ವಲ್ಪ ನೀರು ಹಾಕಿ ಎರಡೂ ತುದಿ ಮುಚ್ಚಿರುತ್ತಾರೆ. ಒಳಗೋಡೆಗೆ ತಾಮ್ರದ ಪುಡಿಯನ್ನು ಕಾಯಿಸಿ ಅಂಟಿಸಿದ ಒರಟು ಪದರ ಇರುತ್ತದೆ. ಗಾಳಿಯ ಒತ್ತಡ ಇಲ್ಲದ್ದರಿಂದ ಆ ನೀರು ನೂರು ಡಿಗ್ರಿಗೆ ಕಾಯುತ್ತ ಕೂರುವುದಿಲ್ಲ, ಬಹಳ ಮೊದಲೇ ಆವಿಯಾಗುತ್ತದೆ. ಆವಿ ತಣ್ಣನೆಯ ತುದಿಗೆ ಓಡಿ ಮತ್ತೆ ನೀರಾಗುತ್ತದೆ, ಅಲ್ಲಿ ಶಾಖ ಇಳಿಸುತ್ತದೆ. ನೀರನ್ನು ಆ ಒರಟು ಪದರ ಹೀರಿಕೊಂಡು ಬಿಸಿ ತುದಿಗೆ ವಾಪಸ್ ತರುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಅದೇ ದಪ್ಪದ ಗಟ್ಟಿ ತಾಮ್ರದ ಸರಳಿಗಿಂತ ಇದು ಎಷ್ಟೋ ಪಟ್ಟು ಚುರುಕು. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಇದನ್ನು ಮಾಡಿ ತೋರಿಸಿದಾಗ ಕಣ್ಣಿದ್ದದ್ದು ಬಾಹ್ಯಾಕಾಶದ ಕೆಲಸಗಳ ಮೇಲೆ. ಗೇಮ್ ಆಡುವವರ ಮೇಜಿಗೆ ಅದು ಬಂದದ್ದು ಎಷ್ಟೋ ವರ್ಷಗಳ ಮೇಲೆ.

ಡಬ್ಬದ ಮೇಲೆ "ನಾಲ್ಕು ಹೀಟ್ ಪೈಪ್" ಎಂದು ಬರೆದಿದ್ದರೆ ಖುಷಿಪಡುವ ಮೊದಲು ಅವು ಚಿಪ್ಪನ್ನು ಹೇಗೆ ಮುಟ್ಟುತ್ತವೆ ಎಂದು ನೋಡಬೇಕು. ಅಗ್ಗದ ಕೂಲರುಗಳಲ್ಲಿ ಪೈಪುಗಳನ್ನೇ ಚಪ್ಪಟೆ ಮಾಡಿ ನೇರವಾಗಿ ಚಿಪ್ಪಿನ ಮೇಲೆ ಕೂರಿಸುವುದುಂಟು. 159 ಚದರ ಮಿಲಿಮೀಟರಿನ ಚಿಪ್ಪನ್ನು ಚೌಕ ಎಂದುಕೊಂಡರೆ ಒಂದೊಂದು ಬದಿ 13 ಮಿಲಿಮೀಟರಿಗಿಂತ ಕಡಿಮೆ. ಆರು ಮಿಲಿಮೀಟರಿನ ನಾಲ್ಕು ಪೈಪ್ ಸಾಲಾಗಿಟ್ಟರೆ 24 ಮಿಲಿಮೀಟರ್. ಚಿಪ್ಪಿನ ಮೇಲೆ ಕೂರುವುದು ನಡುವಿನ ಎರಡೇ. ಅಂಚಿನ ಎರಡಕ್ಕೆ ಸಿಗುವುದು ಪಕ್ಕದಿಂದ ಹರಿದು ಬಂದ ಬಿಸಿ ಮಾತ್ರ. ನಡುವೆ ಒಂದು ದಪ್ಪ ತಾಮ್ರದ ಹಲಗೆ ಇದ್ದರೆ ಬಿಸಿ ಅಗಲಕ್ಕೆ ಹರಡಿ ನಾಲ್ಕಕ್ಕೂ ಹಂಚಿಕೆಯಾಗುತ್ತದೆ. ಹಲಗೆಯಿರುವ ಮೂರು ಪೈಪಿನ ಕೂಲರು ಹಲಗೆಯಿಲ್ಲದ ನಾಲ್ಕು ಪೈಪಿನದನ್ನು ಸೋಲಿಸಿದರೆ ಆಶ್ಚರ್ಯವೇನಿಲ್ಲ.

ಈಗ ಅಳತೆಗೆ ಬರೋಣ. 25 ಡಿಗ್ರಿಯ ಕೋಣೆಯಲ್ಲಿ 170 ವ್ಯಾಟಿನ ಕಾರ್ಡು 70 ತೋರಿಸಿದರೆ, ಅದು ಕೋಣೆಗಿಂತ 45 ಡಿಗ್ರಿ ಮೇಲಿದೆ. 45ನ್ನು 170ರಿಂದ ಭಾಗಿಸಿ. ಒಂದು ವ್ಯಾಟಿಗೆ 0.26 ಡಿಗ್ರಿ ಬರುತ್ತದೆ. ಕೂಲರಿನ ನಿಜವಾದ ಅಂಕ ಇದು. ಕೋಣೆ 32ಕ್ಕೆ ಏರಿದರೆ ಅದೇ ಕಾರ್ಡು 77 ತೋರಿಸುತ್ತದೆ, ಕೂಲರೇನೂ ಕೆಟ್ಟಿರುವುದಿಲ್ಲ. ಅದೇ ಕೂಲರನ್ನು 115 ವ್ಯಾಟಿನ ಕಾರ್ಡಿಗೆ ಹಾಕಿದರೆ ಲೆಕ್ಕದ ಪ್ರಕಾರ 55ರ ಹತ್ತಿರ ಇರಬೇಕು. ಚಿಪ್ ಚಿಕ್ಕದಾದರೆ ಇನ್ನು ಸ್ವಲ್ಪ ಜಾಸ್ತಿ. ಹಾಗಾಗಿ 115 ವ್ಯಾಟಿನ ಕಾರ್ಡು "70 ದಾಟಲಿಲ್ಲ" ಎಂದು ಯಾರಾದರೂ ಹೊಗಳಿದರೆ ಹುಬ್ಬೇರಿಸಬೇಕು.

ಪರೀಕ್ಷೆ ಎಷ್ಟು ಹೊತ್ತು ನಡೆಯಿತು ಅನ್ನುವುದೂ ಮುಖ್ಯ. ಹೀಟ್‌ಸಿಂಕ್ (ಕೂಲರಿನ ಲೋಹದ ಭಾಗ) ಕೆಲವೇ ನಿಮಿಷಗಳಲ್ಲಿ ಕಾದು ಒಂದು ಮಟ್ಟಕ್ಕೆ ನಿಲ್ಲುತ್ತದೆ. ಆದರೆ ಕ್ಯಾಬಿನೆಟ್ ಒಳಗಿನ ಗಾಳಿ, ಮದರ್‌ಬೋರ್ಡ್, ತಗಡಿನ ಗೋಡೆ ಎಲ್ಲ ಕಾಯಲು ಅರ್ಧ ಗಂಟೆಯಾದರೂ ಬೇಕು. ಐದು ನಿಮಿಷದ ಬೆಂಚ್‌ಮಾರ್ಕ್ ಓಡಿಸಿ ಬರೆದ ತಾಪಮಾನವನ್ನು ನಾನು ಓದಿ ಹಾಗೇ ಮುಂದೆ ಹೋಗುತ್ತೇನೆ. ಬಯಲಲ್ಲಿಟ್ಟು ಅಳೆದ ಅಂಕಿಗೂ ಅದೇ ಗತಿ.

ಇನ್ನು ಸದ್ದು. ನನ್ನ ಪ್ರಕಾರ ಕೂಲರಿನ ಪರೀಕ್ಷೆ ಇರುವುದೇ ಇಲ್ಲಿ. ಫ್ಯಾನನ್ನು ಪೂರ್ತಿ ವೇಗಕ್ಕೆ ಬಿಟ್ಟರೆ ಎಂಥ ಬಡಪಾಯಿ ಕೂಲರೂ ತಂಪಾಗಿರುತ್ತದೆ. ಕಂಪನಿಯವರು ಫ್ಯಾನಿನ ವೇಗವನ್ನು ಸ್ವಲ್ಪ ಏರಿಸಿಟ್ಟು "ನಮ್ಮದು ಐದು ಡಿಗ್ರಿ ತಂಪು" ಅನ್ನಬಹುದು, ಇಳಿಸಿಟ್ಟು "ನಮ್ಮದು ಸದ್ದೇ ಇಲ್ಲ" ಅನ್ನಬಹುದು. ಎರಡೂ ಒಂದೇ ಕೂಲರಾಗಿರಬಹುದು! ಅದಕ್ಕೇ ಎರಡು ಕಾರ್ಡುಗಳನ್ನು ಒಂದೇ ಸದ್ದಿನ ಮಟ್ಟಕ್ಕೆ ತಂದು ಆಗ ತಾಪಮಾನ ನೋಡಬೇಕು.

ಫ್ಯಾನಿನ ಗಣಿತ ಸ್ವಾರಸ್ಯವಾಗಿದೆ. ವೇಗ ಎರಡು ಪಟ್ಟಾದರೆ ಗಾಳಿ ಎರಡು ಪಟ್ಟಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಎರಡು ಪಟ್ಟು ಜೋರು ಅನ್ನಿಸುತ್ತದೆ. ಇದಕ್ಕೆ ಹೋಲಿಸಿದರೆ ಫ್ಯಾನ್ ಸೇರಿಸುವುದು ಅಗ್ಗ. ಎರಡರ ಜೊತೆ ಅಂಥದ್ದೇ ಮೂರನೆಯದು ಸೇರಿದರೆ ಏರುವುದು ಎರಡು ಡೆಸಿಬೆಲ್ ಒಳಗೆ. ಆದರೆ ಮೂರಿದ್ದರೆ ಅಷ್ಟೇ ಗಾಳಿಗೆ ಒಂದೊಂದೂ ಮೂರನೇ ಎರಡರಷ್ಟು ವೇಗದಲ್ಲಿ ತಿರುಗಿದರೆ ಸಾಕು. ಲೆಕ್ಕ ಹಾಕಿದರೆ ಒಟ್ಟಾರೆ ಏಳು ಡೆಸಿಬೆಲ್‌ನಷ್ಟು ಉಳಿತಾಯ. ಮೂರು ಫ್ಯಾನಿನ ಕಾರ್ಡಿಗೆ ಜಾಸ್ತಿ ಹಣ ಕೊಡುವುದಿದ್ದರೆ ಅದು ಈ ಏಳು ಡೆಸಿಬೆಲ್‌ಗೆ, ಆಟದ ವೇಗಕ್ಕಲ್ಲ. ಕೆಲವು ಕಾರ್ಡುಗಳಲ್ಲಿ ಕೆಲಸ ಕಡಿಮೆಯಿದ್ದಾಗ ಫ್ಯಾನ್ ನಿಂತೇ ಬಿಡುತ್ತದೆ. ಒಳ್ಳೆಯದೇ. ಆದರೆ ಗಡಿಯ ತಾಪಮಾನದಲ್ಲಿ ನಿಲ್ಲುವುದು, ಗುರ್ ಎಂದು ಶುರುವಾಗುವುದು, ಮತ್ತೆ ನಿಲ್ಲುವುದು ನಡೆಯುತ್ತಿದ್ದರೆ ಅದಕ್ಕಿಂತ ಒಂದೇ ಸಮ ಮೆಲ್ಲಗೆ ತಿರುಗುವ ಫ್ಯಾನೇ ವಾಸಿ.

ತಾಪಮಾನದಲ್ಲೂ ಒಂದೇ ಅಂಕಿ ಇರುವುದಿಲ್ಲ. ಚಿಪ್ಪಿನ ಸಾಮಾನ್ಯ ತಾಪಮಾನ ಒಂದು, ಅದರ ಅತಿ ಬಿಸಿ ಬಿಂದುವಿನದು ಇನ್ನೊಂದು. ಈ ಹಾಟ್‌ಸ್ಪಾಟ್ 110 ಡಿಗ್ರಿವರೆಗೆ ಹೋದರೂ ತೊಂದರೆಯಿಲ್ಲ ಎಂದು ಎಎಮ್‌ಡಿ 2019ರ ಆರ್‌ಎಕ್ಸ್ 5700 ಸರಣಿಯ ವಿಷಯದಲ್ಲಿ ಹೇಳಿತ್ತು. ನಾನು ಗಮನಿಸುವುದು ಎರಡರ ನಡುವಿನ ಅಂತರವನ್ನು. ಹತ್ತು–ಹದಿನೈದು ಡಿಗ್ರಿ ಇದ್ದರೆ ಸರಿ. ಮೂವತ್ತಕ್ಕೆ ಹೋದರೆ ಕೂಲರು ಸರಿಯಾಗಿ ಕೂತಿಲ್ಲ ಅಥವಾ ಪೇಸ್ಟ್ ಜಾರಿಹೋಗಿದೆ ಅನ್ನುವ ಅನುಮಾನ ಬರುತ್ತದೆ.

ಹಾಗಾದರೆ ತಂಪಾಗಿದ್ದರೆ ಕಾರ್ಡು ವೇಗವಾಗಿ ಓಡುವುದಿಲ್ಲವೇ? ಓಡುತ್ತದೆ, ಸ್ವಲ್ಪ. 2012ರ ಜಿಟಿಎಕ್ಸ್ 680 ಜೊತೆ ಎನ್‌ವಿಡಿಯಾ ಜಿಪಿಯು ಬೂಸ್ಟ್ ತಂದಿತು. ಅಂದಿನಿಂದ ಕಾರ್ಡು ತನಗಿರುವ ವಿದ್ಯುತ್, ಮುಂದಿನ ತಲೆಮಾರುಗಳಲ್ಲಿ ತಾಪಮಾನವನ್ನೂ ನೋಡಿಕೊಂಡು ತಾನೇ ಕ್ಲಾಕ್ (ಚಿಪ್ ಕೆಲಸ ಮಾಡುವ ವೇಗ) ಏರಿಸಿಕೊಳ್ಳುತ್ತದೆ. ಬಿಸಿ ಏರಿದಂತೆ ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಇಳಿಸಿಕೊಳ್ಳುತ್ತದೆ. ಕೂಲರ್ ಚೆನ್ನಾಗಿದ್ದರೆ ಕೆಲವು ಹತ್ತು ಮೆಗಾಹರ್ಟ್ಸ್ ಸಿಗಬಹುದು. ಎರಡು ಸಾವಿರದ ಸುತ್ತ ಓಡುವ ಚಿಪ್ಪಿಗೆ ಅದು ಶೇಕಡಾ ಒಂದೆರಡು. ಆಡುವಾಗ ಯಾರಿಗೂ ತಿಳಿಯುವುದಿಲ್ಲ.

ಓವರ್‌ಕ್ಲಾಕಿಂಗ್, ಅಂದರೆ ಕಂಪನಿ ಇಟ್ಟದ್ದಕ್ಕಿಂತ ಕ್ಲಾಕ್ ಏರಿಸುವುದು, ಸಪ್ಪೆಯಾದದ್ದೂ ಇದರಿಂದಲೇ. 1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಪ್ರೊಸೆಸರನ್ನು ಜನ 450 ಮೆಗಾಹರ್ಟ್ಸಿಗೆ ಓಡಿಸುತ್ತಿದ್ದರು. ಪುಕ್ಕಟೆಯಾಗಿ ಒಂದೂವರೆ ಪಟ್ಟು! 2010ರ ಜಿಟಿಎಕ್ಸ್ 460 ಹುಟ್ಟಿದ್ದು 675 ಮೆಗಾಹರ್ಟ್ಸಿಗೆ, ಬಹಳಷ್ಟು ಕಾರ್ಡುಗಳು 800 ದಾಟುತ್ತಿದ್ದವು. ಆಗ ಕಂಪನಿಗಳು ಚಿಪ್ಪಿನಲ್ಲಿ ತಾಕತ್ತು ಉಳಿಸಿ ಮಾರುತ್ತಿದ್ದವು. ಈಗ ಆ ಉಳಿಕೆಯನ್ನು ಬೂಸ್ಟೇ ತಿಂದುಹಾಕಿದೆ.

ಮಿಕ್ಕಿದ್ದನ್ನು ಹಿಂಡಲು ಹೋದರೆ ಬೆಲೆ ಜೋರು. ಚಿಪ್ ತಿನ್ನುವ ವಿದ್ಯುತ್ ಕ್ಲಾಕಿನ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ಕ್ಲಾಕನ್ನು ಶೇ. 5 ಏರಿಸಲು ವೋಲ್ಟೇಜೂ ಶೇ. 5 ಬೇಕಾದರೆ ವಿದ್ಯುತ್ ಸುಮಾರು ಶೇ. 16 ಏರುತ್ತದೆ. ಕಾರ್ಡಿನ ವಿದ್ಯುತ್ ಮಿತಿ ಅಷ್ಟಕ್ಕೆ ಬಿಡದಿದ್ದರೆ ಕ್ಲಾಕ್ ಮತ್ತೆ ಕೆಳಗಿಳಿಯುತ್ತದೆ. ಇಷ್ಟಾಗಿ ಸಿಗುವುದು ಸೆಕೆಂಡಿಗೆ 57 ಫ್ರೇಮಿನ (ಪರದೆಯ ಚಿತ್ರಗಳ) ಜಾಗದಲ್ಲಿ 60. ಒಂದು ಫ್ರೇಮಿಗೆ ಒಂದು ಮಿಲಿಸೆಕೆಂಡೂ ಉಳಿಯುವುದಿಲ್ಲ.

ಮೆಮೊರಿ ಏರಿಸುವಾಗ ಒಂದು ಕಳ್ಳಾಟ ಇದೆ. ಜಿಡಿಡಿಆರ್5 ಎಂಬ ಗ್ರಾಫಿಕ್ಸ್ ಮೆಮೊರಿಯ ಕಾಲದಿಂದ ಮೆಮೊರಿಯಿಂದ ಚಿಪ್ಪಿಗೆ ಹೋಗುವ ಡೇಟಾದಲ್ಲಿ ತಪ್ಪಾದರೆ ಪತ್ತೆ ಹಚ್ಚಿ ಮತ್ತೆ ಕಳಿಸುವ ವ್ಯವಸ್ಥೆ ಇದೆ. ವೇಗ ಸ್ವಲ್ಪ ಅತಿಯಾದರೆ ಪರದೆ ಮೇಲೆ ಕೂಡಲೇ ಏನೂ ಕೆಡುವುದಿಲ್ಲ, ಆದರೆ ಮತ್ತೆ ಮತ್ತೆ ಕಳಿಸುವುದರಲ್ಲೇ ಹೊತ್ತು ಹೋಗುತ್ತದೆ. ಮೆಗಾಹರ್ಟ್ಸ್ ಏರಿರುತ್ತದೆ, ಫ್ರೇಮ್ ಇಳಿದಿರುತ್ತದೆ. ಹಾಗಾಗಿ ಒಂದೊಂದು ಹೆಜ್ಜೆ ಏರಿಸಿದಾಗಲೂ ಫ್ರೇಮ್ ಎಣಿಸಬೇಕು.

ಅದೇ ಗಣಿತವನ್ನು ತಿರುಗಿಸಿ ಹಾಕಿದರೆ ನಿಜವಾದ ಮಜಾ. ಕ್ಲಾಕ್ ಶೇ. 3 ಬಿಟ್ಟುಕೊಟ್ಟು ವೋಲ್ಟೇಜ್ ಶೇ. 10 ಇಳಿಸಲು ಆದರೆ ಚಿಪ್ಪಿನ ವಿದ್ಯುತ್ ಐದನೇ ಒಂದರಷ್ಟು ಇಳಿಯುತ್ತದೆ. ಇದಕ್ಕೆ ಅಂಡರ್‌ವೋಲ್ಟಿಂಗ್ ಅನ್ನುತ್ತಾರೆ. ಎಲ್ಲ ಚಿಪ್ಪೂ ಒಂದೇ ಸಮ ಒಪ್ಪುವುದಿಲ್ಲ, ಗಂಟೆಗಟ್ಟಲೆ ಓಡಿಸಿ ನೋಡಬೇಕು. ಆದರೆ ಒಪ್ಪಿದರೆ ಫ್ಯಾನಿನ ಸದ್ದು ಥಟ್ಟನೆ ಇಳಿಯುತ್ತದೆ. ಸಾಧಾರಣ ಕೂಲರಿನ ಕಾರ್ಡೂ ದುಬಾರಿ ಕಾರ್ಡಿನ ಹಾಗೆ ಮೆತ್ತಗೆ ಓಡುತ್ತದೆ.

ಇನ್ನು ಕೊಟ್ಟ ದುಡ್ಡಿನ ಮಾತು. ಫ್ಯಾಕ್ಟರಿಯಲ್ಲೇ ಓವರ್‌ಕ್ಲಾಕ್ ಮಾಡಿದ್ದು ಎಂದು ಶೇ. 15 ಜಾಸ್ತಿ ಕೇಳಿದರೆ ಮೇಲಿನ ದರ್ಜೆಯ ಕಾರ್ಡನ್ನೊಮ್ಮೆ ನೋಡಿ. ಆರ್‌ಟಿಎಕ್ಸ್ 3060ರಲ್ಲಿ ಲೆಕ್ಕ ಮಾಡುವ 3584 ಕೋರುಗಳಿವೆ, 3060 ಟಿಐಯಲ್ಲಿ 4864. ಮೂರನೇ ಒಂದಕ್ಕಿಂತ ಜಾಸ್ತಿ. ಮೆಮೊರಿಯ ಹರಿವು ಸೆಕೆಂಡಿಗೆ 360ರಿಂದ 448 ಗಿಗಾಬೈಟಿಗೆ ಏರುತ್ತದೆ. ಯಾವ ಕೂಲರೂ, ಯಾವ ಓವರ್‌ಕ್ಲಾಕೂ ಈ ಅಂತರ ತುಂಬುವುದಿಲ್ಲ. ಹಾಗಂತ ಟಿಐಯೇ ಸರಿ ಅಂತಲೂ ಅಲ್ಲ. 3060 ಬಂದದ್ದು 12 ಜಿಬಿ ಮೆಮೊರಿಯೊಂದಿಗೆ, ಟಿಐಯಲ್ಲಿ ಇರುವುದು 8. ಗೇಮಿನ ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರ) 8 ಜಿಬಿಯಲ್ಲಿ ಹಿಡಿಸದೆ ಹೋದರೆ ಸರಾಸರಿ ಫ್ರೇಮ್ ಚೆನ್ನಾಗಿ ಕಾಣುತ್ತಿರುವಾಗಲೇ ನಡುನಡುವೆ ಆಟ ತಡವರಿಸುತ್ತದೆ. ಅದಕ್ಕೇ ಸರಾಸರಿಯ ಪಕ್ಕದಲ್ಲಿ ಅತಿ ನಿಧಾನದ ಶೇ. 1 ಫ್ರೇಮುಗಳ ಅಂಕಿಯನ್ನೂ ಹುಡುಕಬೇಕು.

ನನಗೆ ಆಯ್ಕೆ ಬಿಟ್ಟರೆ, ಅದೇ ಚಿಪ್ಪಿನ ಅತಿ ಅಗ್ಗದ ಕಾರ್ಡಿಗಿಂತ ಒಂದು ಮೆಟ್ಟಿಲು ಮೇಲಿನದು ಸಾಕು. ತಾಮ್ರದ ಹಲಗೆ ಇರಬೇಕು, ಮೆಮೊರಿ ಚಿಪ್ಪುಗಳ ಮೇಲೆ ಶಾಖ ಸಾಗಿಸುವ ಥರ್ಮಲ್ ಪ್ಯಾಡ್ ಇರಬೇಕು, ಫ್ಯಾನ್ ಸ್ವಲ್ಪ ದೊಡ್ಡದಿರಬೇಕು. ಇದಕ್ಕೆ ಶೇ. 4–5 ಜಾಸ್ತಿ ಕೊಡಲು ಅಡ್ಡಿಯಿಲ್ಲ. ಅದಕ್ಕೂ ಮೇಲಿನದಕ್ಕೆ ಹಾಕುವ ಹಣವನ್ನು ಕ್ಯಾಬಿನೆಟ್ಟಿನ ಮುಂಭಾಗಕ್ಕೆ ಒಂದು ಒಳ್ಳೆ ಫ್ಯಾನ್ ತರಲು ಇಟ್ಟುಕೊಳ್ಳುತ್ತೇನೆ. ಒಳಗೆ ಬರುವ ಗಾಳಿ ಐದು ಡಿಗ್ರಿ ತಂಪಾದರೆ ಕಾರ್ಡೂ ಹೆಚ್ಚುಕಮ್ಮಿ ಐದು ಡಿಗ್ರಿ ತಂಪಾಗುತ್ತದೆ, ಪ್ರೊಸೆಸರೂ ಅಷ್ಟೇ.