ಸುಟ್ಟ ಟಿಸಿ ಬದಲಿಸಿದರೆ ಮುಗಿಯಲಿಲ್ಲ

ಕರೆಂಟಿನ ಸಮಸ್ಯೆ ಅಂದ ಕೂಡಲೇ ಎಲ್ಲರೂ ಹೊಸ ಸ್ಥಾವರದ ಮಾತು ತೆಗೆಯುತ್ತಾರೆ. ಬೇಕು, ನಿಜ. ಆದರೆ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದ್ದರೂ ಬಯಲುಸೀಮೆಯ ಎಷ್ಟೋ ಹೊಲಗಳಲ್ಲಿ ಬೇಸಿಗೆ ಬಂತೆಂದರೆ ಮೋಟರ್ ಎತ್ತುವುದಿಲ್ಲ. ವಿತರಣೆ ಕೆಲಸದಲ್ಲಿರುವ ಎಂಜಿನಿಯರ್ ಆಗಿ ನಾನು ಮೊದಲು ನೋಡುವುದು ಹೊಲದ ಅಂಚಿನ ಟಿಸಿಯನ್ನು, ಅಂದರೆ ಟ್ರಾನ್ಸ್‌ಫಾರ್ಮರನ್ನು.

63 ಕೆವಿಎ ಟಿಸಿ ಅಂದುಕೊಳ್ಳಿ (ಕೆವಿಎ ಅಂದರೆ ಟಿಸಿ ಹೊರಬಲ್ಲ ಹೊರೆಯ ಅಳತೆ). 5 ಎಚ್‌ಪಿ ಪಂಪ್‌ಸೆಟ್ ಹತ್ತು ಹನ್ನೊಂದು ಓಡಿದರೆ ಅದರ ಶಕ್ತಿ ಮುಗಿಯಿತು. ಬೋರಿನ ನೀರು ಕೆಳಗಿಳಿದಂತೆ ರೈತರು 5 ಎಚ್‌ಪಿ ತೆಗೆದು ಏಳೂವರೆ, ಹತ್ತು ಎಚ್‌ಪಿ ಬಿಡುತ್ತಾರೆ. ದಾಖಲೆಯಲ್ಲಿ ಮಾತ್ರ 5 ಹಾಗೇ ಇರುತ್ತದೆ. ಜೊತೆಗೆ ಅಕ್ರಮ ಸಂಪರ್ಕಗಳು. ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟು ಎಷ್ಟೋ ಕಡೆ ಬರುವುದು ರಾತ್ರಿಯೋ ನಸುಕಿನಲ್ಲೋ, ಹಾಗಾಗಿ ಎಲ್ಲರ ಬಳಿಯೂ ಆಟೋ ಸ್ಟಾರ್ಟರ್. ಕರೆಂಟು ಬಂದ ಕ್ಷಣ ಎಲ್ಲ ಮೋಟರ್‌ಗಳೂ ಒಟ್ಟಿಗೆ ಶುರು. ಶುರುವಾಗುವಾಗ ಮೋಟರ್ ಐದಾರು ಪಟ್ಟು ಜಾಸ್ತಿ ಆಂಪ್ಸ್, ಅಂದರೆ ತಂತಿಯಲ್ಲಿ ಹರಿಯುವ ಕರೆಂಟು, ಎಳೆಯುತ್ತದೆ. ಫ್ಯೂಸ್ ಪದೇಪದೇ ಹೋಗುತ್ತದೆ ಅಂತ ಯಾರೋ ದಪ್ಪ ತಂತಿ ಕಟ್ಟಿರುತ್ತಾರೆ. ಆಮೇಲೆ ಸುಡುವುದು ಫ್ಯೂಸ್ ಅಲ್ಲ, ಟಿಸಿ.

ಆಗ ರೈತರು ಟ್ರ್ಯಾಕ್ಟರ್ ತಂದು, ಕೈಯಿಂದ ಖರ್ಚು ಮಾಡಿ, ಅದೇ ಅಳತೆಯ ಇನ್ನೊಂದು ಟಿಸಿ ಹಾಕಿಸಿಕೊಳ್ಳುತ್ತಾರೆ. ಲೋಡ್ ಅಷ್ಟೇ ಇರುವಾಗ ಇದೂ ಸುಡದೆ ಇರುತ್ತದಾ? ಅಷ್ಟರಲ್ಲಿ ಬೆಳೆ ಒಣಗುತ್ತದೆ. ನನಗೆ ನಿಜಕ್ಕೂ ನೋವು ಕೊಡುವುದು ಇದೇ.

ಪರಿಹಾರ ಗೊತ್ತಿಲ್ಲದ್ದೇನಲ್ಲ. ಒಂದು ದೊಡ್ಡ ಟಿಸಿಯಿಂದ ಕಿಲೋಮೀಟರ್‌ಗಟ್ಟಲೆ ಎಲ್‌ಟಿ (415 ವೋಲ್ಟ್‌ನ) ಲೈನ್ ಎಳೆಯುವ ಬದಲು 11 ಕೆವಿ (11,000 ವೋಲ್ಟ್) ಲೈನನ್ನೇ ಹೊಲದ ತನಕ ಒಯ್ದು, ಮೂರು ನಾಲ್ಕು ಪಂಪ್‌ಗೆ ಒಂದು 25 ಕೆವಿಎ ಟಿಸಿ ಇಡಬೇಕು. ಅಷ್ಟೇ ವಿದ್ಯುತ್ತಿಗೆ 415 ವೋಲ್ಟ್‌ಗಿಂತ 11 ಕೆವಿಯಲ್ಲಿ ಆಂಪ್ಸ್ 26 ಪಟ್ಟು ಕಡಿಮೆ. ತಂತಿ ಒಂದೇ ಆದರೆ, ಅದು ಬಿಸಿಯಾಗಿ ಆಗುವ ನಷ್ಟ ಆಂಪ್ಸ್‌ನ ವರ್ಗದ ಲೆಕ್ಕದಲ್ಲಿ ಇಳಿದು ಸುಮಾರು 700 ಪಟ್ಟು ಕಡಿಮೆ. ಟಿಸಿ ತಮ್ಮದು ಅಂತ ನಾಲ್ಕೇ ಜನಕ್ಕೆ ಗೊತ್ತಿದ್ದರೆ ಕೊಕ್ಕೆ ಹಾಕುವವರನ್ನು ಅವರೇ ತಡೆಯುತ್ತಾರೆ. ಪಂಪಿಗೆ ಸರಿಯಾದ ಕೆಪಾಸಿಟರ್ ಹಾಕಿದರೂ ಆಂಪ್ಸ್ ಆರರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ. ಇಷ್ಟು ಕಡಿಮೆ ಖರ್ಚಿನ ಕೆಲಸ ಇನ್ನೊಂದಿಲ್ಲ.

ಮನೆಗೂ ಪಂಪಿಗೂ ಬೇರೆ ಬೇರೆ ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ಲೈನ್) ಮಾಡುವ ಕೆಲಸವನ್ನು ಗುಜರಾತ್ 2003ರಲ್ಲಿ ಜ್ಯೋತಿಗ್ರಾಮ್ ಹೆಸರಲ್ಲಿ ಶುರು ಮಾಡಿತು. ನಮ್ಮಲ್ಲಿ ಅದು ನಿರಂತರ ಜ್ಯೋತಿ. ಇದರಿಂದ ಹಳ್ಳಿ ಮನೆಗಳಿಗೆ ಒಳ್ಳೆಯದಾಯಿತು. ಆದರೆ ಫೀಡರ್ ಬೇರೆಯಾದರೂ ಹೊಲದ ಟಿಸಿಯ ಮೇಲಿನ ಹೊರೆ ಅಲ್ಲೇ ಉಳಿಯಿತು.

ಇನ್ನು ಮೀಟರ್. 10 ಎಚ್‌ಪಿ ತನಕ ಪಂಪ್‌ಸೆಟ್‌ಗೆ ಕರೆಂಟು ಉಚಿತ, ಹಣವನ್ನು ಸರ್ಕಾರ ವಿದ್ಯುತ್ ಕಂಪನಿಗಳಿಗೆ ತುಂಬಿಕೊಡುತ್ತದೆ. ಹೆಚ್ಚಿನ ಪಂಪ್‌ಗಳಿಗೆ ಮೀಟರ್ ಇಲ್ಲದ್ದರಿಂದ ಬಳಕೆಯನ್ನು ಅಂದಾಜಿನಲ್ಲೇ ಬರೆಯಬೇಕು. ಆ ಅಂದಾಜಿನೊಳಗೆ ಕಳ್ಳತನವನ್ನೂ ಲೈನಿನ ನಷ್ಟವನ್ನೂ ಸೇರಿಸಿಬಿಡುವುದು ಸುಲಭ, ಹೆಸರು ಮಾತ್ರ ರೈತರಿಗೆ. ಮೀಟರ್ ಅಂದರೆ ನಾಳೆ ಬಿಲ್ ಬರುತ್ತೆ ಅನ್ನುವ ಭಯ ಸುಮ್ನೆ ಹುಟ್ಟಿದ್ದಲ್ಲ. ಹಾಗಾಗಿ ಪಂಪಿಗೆ ಬೇಡ, ಮೊದಲು ಪ್ರತಿ ಟಿಸಿಗೆ ಹಾಕಲಿ, ರೀಡಿಂಗ್ ಊರವರಿಗೂ ಕಾಣಲಿ ಅನ್ನುತ್ತೇನೆ. ನಿಮ್ಮ ಟಿಸಿ ಸುಟ್ಟರೆ, ಬದಲಿ ಬರುವ ಮುಂಚೆ ಸೆಕ್ಷನ್ ಆಫೀಸಿಗೆ ಹೋಗಿ ಅದರ ಮೇಲೆ ಒಟ್ಟು ಎಷ್ಟು ಎಚ್‌ಪಿ ಇದೆ ಅಂತ ಲಿಖಿತವಾಗಿ ಕೇಳಿ. ಬದಲಿ ಹಾಕಿದ ಮೇಲೆ ಎಲ್ಲ ಪಂಪ್ ಓಡುತ್ತಿರುವಾಗ ಮೂರೂ ಫೇಸಿನ ಆಂಪ್ಸ್ ಟಾಂಗ್ ಟೆಸ್ಟರ್‌ನಲ್ಲಿ (ತಂತಿಗೆ ಸುತ್ತ ಹಿಡಿದು ಆಂಪ್ಸ್ ಅಳೆಯುವ ಇಕ್ಕಳದಂಥ ಮೀಟರ್) ಹಿಡಿಸಿ ಬರೆಸಿಕೊಳ್ಳಿ. ಹೆಚ್ಚುವರಿ ಟಿಸಿ ಕೇಳುವ ಅರ್ಜಿಯ ಜೊತೆ ಆ ಚೀಟಿ ಲಗತ್ತಿಸಿ.