ದೇವರನ್ನು ನಂಬುವ ನಾನು ರಾಜಕೀಯಕ್ಕೆ ಇಳಿಯಬಹುದಾ?

ಓದುಗರ ಪ್ರಶ್ನೆ: ನಾನು ದೇವರನ್ನು ನಂಬುವ ಮನುಷ್ಯ. ದಿನದ ಪ್ರಾರ್ಥನೆ ತಪ್ಪಿಸುವುದಿಲ್ಲ. ಇತ್ತೀಚೆಗೆ ರಾಜಕೀಯಕ್ಕೆ ಇಳಿಯಬೇಕು ಅನ್ನುವ ಆಸೆ ಜಾಸ್ತಿ ಆಗುತ್ತಿದೆ. ಮನೆಯ ಹಿರಿಯರು, "ಆ ಕೆಸರಿಗೆ ಇಳಿದರೆ ನಿನ್ನ ಭಕ್ತಿಯೂ ಉಳಿಯಲ್ಲ" ಅನ್ನುತ್ತಾರೆ. ಗೆಳೆಯರು, "ಬಾ, ಆದರೆ ನಿನ್ನ ಧರ್ಮವನ್ನು ಮನೆಯಲ್ಲೇ ಬಿಟ್ಟು ಬಾ" ಅನ್ನುತ್ತಾರೆ. ಯಾರ ಮಾತು ಕೇಳಲಿ?

ಹೋಗಿ. ಮೊದಲು ಅದನ್ನು ಹೇಳಿಬಿಡುತ್ತೇನೆ. ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಒಳಗೊಳಗೇ ತೀರ್ಮಾನ ಮಾಡಿಕೊಂಡಿರುತ್ತಾರೆ. ಯಾರಾದರೂ ಹೂಂ ಅನ್ನಲಿ ಅಂತ ಕಾಯುತ್ತಿರುತ್ತಾರೆ ಅಷ್ಟೆ.

ಆದರೆ ಹೊರಡುವ ಮುಂಚೆ ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ನಿಮ್ಮ ನಂಬಿಕೆ ಕಟ್ಟುಪಾಡು ಹಾಕಬೇಕಾದ್ದು ನಿಮಗೆ. ನಿಮಗೆ ಓಟು ಹಾಕುವವರಿಗಲ್ಲ, ಹಾಕದವರಿಗೂ ಅಲ್ಲ. ಹೇಳುವಾಗ ಇದು ಸುಲಭ. ನಡೆಯುವಾಗ ದೊಡ್ಡ ದೊಡ್ಡವರೇ ಎಡವಿದ್ದಾರೆ. ಒಬ್ಬರ ಬದುಕಿನಲ್ಲಿ ಇದರ ಎರಡೂ ಬದಿ ಕಾಣುತ್ತದೆ. ಅವರ ಕಥೆಯನ್ನೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1785ರ ಡಿಸೆಂಬರ್. ಲಂಡನ್ನಿನ ಒಂದು ಚೌಕದಲ್ಲಿ 26 ವರ್ಷದ ಸಂಸದರೊಬ್ಬರು ಒಂದು ಮನೆಯ ಬಾಗಿಲು ತಟ್ಟಲು ಧೈರ್ಯ ಸಾಲದೆ ಸುತ್ತು ಹಾಕುತ್ತಿದ್ದರು. ಹೆಸರು ವಿಲಿಯಂ ವಿಲ್ಬರ್‌ಫೋರ್ಸ್. ಆ ಮನೆಯಲ್ಲಿದ್ದವರು ಜಾನ್ ನ್ಯೂಟನ್ ಅನ್ನುವ ಪಾದ್ರಿ. ಒಂದು ಕಾಲಕ್ಕೆ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನರಾಗಿದ್ದವರು. ವಿಲ್ಬರ್‌ಫೋರ್ಸ್ ಅವರಿಗೆ ಹೊಸದಾಗಿ ದೈವಭಕ್ತಿ ಮೂಡಿತ್ತು. ಇನ್ನು ಈ ಸಂಸತ್ತು, ಈ ಗೆಳೆಯರ ಕೂಟ ಎಲ್ಲ ಬಿಟ್ಟುಬಿಡಬೇಕಾ ಅನ್ನುವ ಗೊಂದಲ. ನಿಮ್ಮ ಮನೆಯ ಹಿರಿಯರು ಹೇಳುವ ಮಾತೇ ಅವರ ತಲೆಯಲ್ಲೂ ಓಡುತ್ತಿತ್ತು. ನ್ಯೂಟನ್ ಹೇಳಿದ್ದು ಬೇರೆ. ಗೆಳೆಯರನ್ನು ಬಿಡಬೇಡ, ಇರುವ ಜಾಗದಲ್ಲೇ ಇರು.

ಅವರು ಇದ್ದರು. 1787ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಲು ಲಂಡನ್ನಿನಲ್ಲಿ 12 ಜನರ ಒಂದು ಸಮಿತಿ ಹುಟ್ಟಿತು. ಅದರಲ್ಲಿ 9 ಜನ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು. ಪ್ರಮಾಣ ಮಾಡುವುದು ತಪ್ಪು ಅನ್ನುವುದು ಕ್ವೇಕರರ ನಂಬಿಕೆ. ಹಾಗಾಗಿ ಸಂಸತ್ತಿನ ಬಾಗಿಲು ಅವರಿಗೆ ಮುಚ್ಚಿತ್ತು. ಒಳಗೆ ದನಿ ಎತ್ತಲು ಅವರಿಗೆ ಒಬ್ಬರು ಬೇಕಿತ್ತು. ಆ ಒಬ್ಬರು ವಿಲ್ಬರ್‌ಫೋರ್ಸ್. 1791ರಲ್ಲಿ ಅವರ ಪ್ರಸ್ತಾವ 163ಕ್ಕೆ 88 ಮತಗಳಿಂದ ಬಿತ್ತು. ಆಮೇಲೂ ಮತ್ತೆ ಮತ್ತೆ ತಂದರು, ಮತ್ತೆ ಮತ್ತೆ ಸೋತರು. 1807ರ ಫೆಬ್ರವರಿಯಲ್ಲಿ 283ಕ್ಕೆ 16 ಮತಗಳಿಂದ ಗೆದ್ದಿತು. ಸಮಿತಿ ಹುಟ್ಟಿದ ದಿನದಿಂದ ಸುಮಾರು 20 ವರ್ಷ! ಇಷ್ಟು ವರ್ಷ ಸೋಲು ತಿಂದೂ ಎದ್ದು ನಿಲ್ಲಲು ಬರೀ ಹುದ್ದೆಯ ಆಸೆ ಸಾಲುವುದಿಲ್ಲ. ನಂಬಿಕೆ ಇರುವವರು ರಾಜಕೀಯಕ್ಕೆ ತರಬಹುದಾದ ದೊಡ್ಡ ಬಂಡವಾಳ ಇದೇ ಅಂತ ನನಗೆ ಅನಿಸುತ್ತದೆ. ಕಾಯುವ ಶಕ್ತಿ.

ಇನ್ನು ನಿಮ್ಮ ಗೆಳೆಯರ ಮಾತು. ಆ ಸಮಿತಿಯವರು ಧರ್ಮವನ್ನು ಮನೆಯಲ್ಲಿ ಬಿಟ್ಟು ಬಂದಿರಲಿಲ್ಲ. ಹಾಗಂತ "ಇದು ಪಾಪ, ಗ್ರಂಥ ನೋಡಿ" ಅಂದು ಕೈ ತೊಳೆದುಕೊಳ್ಳಲೂ ಇಲ್ಲ. ಸಮಿತಿಯ ಥಾಮಸ್ ಕ್ಲಾರ್ಕ್‌ಸನ್ ಬಂದರಿನಿಂದ ಬಂದರಿಗೆ ಅಲೆದರು. ಲಿವರ್‌ಪೂಲಿನ ಒಂದು ಅಂಗಡಿಯಲ್ಲಿ ಕೈಕೋಳ, ಕಾಲಿನ ಸಂಕೋಲೆ ಸಿಕ್ಕವು. ಕೊಂಡು ತಂದರು, ಜನರಿಗೆ ತೋರಿಸಿದರು. ಬ್ರೂಕ್ಸ್ ಅನ್ನುವ ಹಡಗಿನ ನಕ್ಷೆ ಅಚ್ಚಾಯಿತು. ಅದರ ತಳದಲ್ಲಿ 482 ಮನುಷ್ಯರು ಕಟ್ಟಿಗೆ ಜೋಡಿಸಿದ ಹಾಗೆ ಮಲಗಿರುವ ಚಿತ್ರ. ಈ ವ್ಯಾಪಾರ ದೇಶದ ನಾವಿಕರಿಗೆ ತರಬೇತಿ ಕೊಡುತ್ತದೆ ಅಂತ ಎದುರಿನವರು ವಾದಿಸುತ್ತಿದ್ದರು. ಕ್ಲಾರ್ಕ್‌ಸನ್ ಹಡಗುಗಳ ಹಾಜರಿ ಪಟ್ಟಿಗಳನ್ನೇ ಹುಡುಕಿ ತೆಗೆದರು. ತರಬೇತಿಯ ಮಾತು ಹಾಗಿರಲಿ, ನಾವಿಕರೇ ಆ ಹಡಗುಗಳಲ್ಲಿ ಎಷ್ಟೊಂದು ಸಂಖ್ಯೆಯಲ್ಲಿ ಸಾಯುತ್ತಿದ್ದಾರೆ ಅಂತ ತೋರಿಸಿದರು.

ಇಲ್ಲಿ ಸ್ವಲ್ಪ ನಿಲ್ಲಿ. ಅವರು ಈ ಕೆಲಸಕ್ಕೆ ಹೊರಟಿದ್ದು ದೇವರಿಗೆ ಅಂಜಿ. ಆದರೆ ಸಭೆಯ ಮುಂದೆ ಇಟ್ಟದ್ದು ದೇವರನ್ನೇ ನಂಬದವನೂ ಕೈಯಲ್ಲಿ ಹಿಡಿದು ನೋಡಬಹುದಾದ ಪುರಾವೆ. ನೀವು ಮಾಡಬೇಕಾದ್ದೂ ಇದೇ. ನಿಮ್ಮ ಧರ್ಮ ಕುಡಿತ ತಪ್ಪು ಅನ್ನುತ್ತದೆ ಅಂತ ಇಟ್ಟುಕೊಳ್ಳಿ. ಶಾಲೆಯ ಎದುರಿಗೇ ಮದ್ಯದಂಗಡಿ ಬರುತ್ತಿದೆ. ಸಭೆಯಲ್ಲಿ ಎದ್ದು "ನನ್ನ ದೇವರು ಒಪ್ಪಲ್ಲ" ಅಂದರೆ ನಿಮ್ಮ ದೇವರನ್ನು ನಂಬದವರು ಏನು ಉತ್ತರ ಕೊಡಬೇಕು? ಶಾಲೆಗೂ ಅಂಗಡಿಗೂ ಎಷ್ಟು ಹೆಜ್ಜೆ, ಮಕ್ಕಳು ಬಿಡುವ ಹೊತ್ತಿಗೆ ಅಲ್ಲಿ ಏನು ನಡೆಯುತ್ತದೆ, ನಿಯಮ ಏನು ಹೇಳುತ್ತದೆ ಅಂತ ಬರೆದುಕೊಂಡು ಹೋಗಿ. ಆಗ ಅವರು ಒಪ್ಪಬಹುದು, ವಾದಿಸಬಹುದು, ನಿಮ್ಮ ತಪ್ಪು ತೋರಿಸಬಹುದು. ಆ ಮೂರಕ್ಕೂ ಜಾಗ ಇರಬೇಕು. ಯಾಕೆ ಇಷ್ಟು ಓಡಾಡುತ್ತೀರಿ ಅಂತ ಯಾರಾದರೂ ಕೇಳಿದರೆ ನಿಮ್ಮ ನಂಬಿಕೆಯನ್ನು ಮುಚ್ಚಿಡಬೇಡಿ. ನೇರವಾಗಿ ಹೇಳಿ. ಮುಚ್ಚಿಟ್ಟರೆ ಅದೂ ಒಂದು ಸುಳ್ಳೇ ಅಲ್ವಾ?

ಈಗ ಅದೇ ವಿಲ್ಬರ್‌ಫೋರ್ಸ್ ಅವರ ಇನ್ನೊಂದು ಬದಿ. ಗುಲಾಮರ ಪರ ನಿಂತ ಆ ವರ್ಷವೇ, 1787ರಲ್ಲಿ, ಜನರ ನಡತೆ ತಿದ್ದುವುದಕ್ಕೆ ಒಂದು ಸಂಘವೂ ಹುಟ್ಟಿತು. ಹುಟ್ಟುಹಾಕಿದವರಲ್ಲಿ ಅವರೇ ಮುಖ್ಯರು. ಹತ್ತು ವರ್ಷದ ನಂತರ, 1797ರಲ್ಲಿ, ಆ ಸಂಘ ಥಾಮಸ್ ವಿಲಿಯಮ್ಸ್ ಅನ್ನುವ ಬಡ ಪುಸ್ತಕ ವ್ಯಾಪಾರಿಯ ಮೇಲೆ ಕೇಸು ಹಾಕಿತು. ಕ್ರೈಸ್ತ ಧರ್ಮವನ್ನು ಟೀಕಿಸುವ ಪುಸ್ತಕ ಮಾರಿದ್ದು ಆತನ ತಪ್ಪು. ಸಂಘದ ಪರ ವಾದಿಸಿದ ವಕೀಲರು ಥಾಮಸ್ ಎರ್ಸ್ಕಿನ್. ಕೇಸು ಗೆದ್ದರು. ಆಮೇಲೆ ಒಂದು ದಿನ ಬೀದಿಯಲ್ಲಿ ಒಬ್ಬ ಹೆಂಗಸು ಅವರ ಕೋಟು ಹಿಡಿದು ಜಗ್ಗಿದಳು. ವಿಲಿಯಮ್ಸನ ಹೆಂಡತಿ. ಅವರನ್ನು ಮನೆಗೆ ಕರೆದುಕೊಂಡು ಹೋದಳು. ಕಿಷ್ಕಿಂಧೆಯಂಥ ಕೋಣೆ. ಮಕ್ಕಳಿಗೆ ಸಿಡುಬು. ವಿಲಿಯಮ್ಸ್ ಕೂತು ಕೆಲಸ ಮಾಡುತ್ತಿದ್ದ. ಏನು ಕೆಲಸ? ಪುಟ್ಟ ಪುಟ್ಟ ಧಾರ್ಮಿಕ ಪುಸ್ತಿಕೆಗಳಿಗೆ ಹೊಲಿಗೆ ಹಾಕುವುದು. ಆತನ ಹೊಟ್ಟೆಪಾಡೇ ಅದು.

ಎರ್ಸ್ಕಿನ್ ಕರಗಿ ಹೋದರು. ಇಷ್ಟಕ್ಕೇ ಬಿಟ್ಟುಬಿಡಿ, ಕರುಣೆ ತೋರಿಸಿ ಅಂತ ಸಂಘಕ್ಕೆ ಹೇಳಿದರು. ಸಂಘ ಒಪ್ಪಲಿಲ್ಲ. ಅವರು ಫೀಸು ಹಿಂದಿರುಗಿಸಿ ಹೊರಬಂದರು. ವಿಲಿಯಮ್ಸನಿಗೆ ಒಂದು ವರ್ಷ ಜೈಲಾಯಿತು.

ಈ ಎರಡು ಕಥೆಯನ್ನು ಪಕ್ಕಪಕ್ಕ ಇಟ್ಟಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಅದೇ ಮನುಷ್ಯ, ಅದೇ ಪ್ರಾರ್ಥನೆ, ಅದೇ ದೇವರು. ಒಂದು ಕಡೆ ನಂಬಿಕೆ ಆತನಿಂದಲೇ ಬೆಲೆ ಕೇಳಿತು. 20 ವರ್ಷ, ಆರೋಗ್ಯ, ದೊಡ್ಡ ಪದವಿಗೇರುವ ದಾರಿ. ಇನ್ನೊಂದು ಕಡೆ ಅದೇ ನಂಬಿಕೆಯ ಬಿಲ್ಲನ್ನು ಬೇರೆಯವನ ಮನೆಗೆ ಕಳಿಸಲಾಯಿತು. ನೀವು ಯಾವುದೇ ನಿಲುವು ತೆಗೆದುಕೊಳ್ಳುವ ಮುಂಚೆ ಇದನ್ನು ಕೇಳಿಕೊಳ್ಳಿ. ಇದರ ಖರ್ಚು ಯಾರ ತಲೆಯ ಮೇಲೆ ಬೀಳುತ್ತಿದೆ? ನನ್ನ ಮೇಲಾ, ಎದುರಿಗೆ ಇರುವ ಬಡವನ ಮೇಲಾ?

ನಂಬಿಕೆಯಿಂದ ಲಾಭ ಬರಲು ಶುರುವಾದರೂ ಹುಷಾರಾಗಿ. ಪ್ರಾರ್ಥನೆ ಮಾಡುವ ಫೋಟೋ ಓಟು ತರುತ್ತದೆ. ಒಮ್ಮೆ ತಂದರೆ ಇನ್ನೊಮ್ಮೆ ತೆಗೆಸಿಕೊಳ್ಳಬೇಕು ಅನಿಸುತ್ತದೆ. ಇದಕ್ಕೆ ಪೂರ್ತಿ ಎದುರಾದ ಒಂದು ಚಿತ್ರ ನನ್ನ ಮನಸ್ಸಿನಲ್ಲಿದೆ. 1956ರ ಜನವರಿ ಕೊನೆ, ಅಮೆರಿಕದ ಮಾಂಟ್‌ಗೊಮರಿ ಊರು. ಬಸ್ಸಿನಲ್ಲಿ ಕಪ್ಪು ಜನರಿಗೆ ಬೇರೆ ಸೀಟು ಅನ್ನುವ ನಿಯಮದ ವಿರುದ್ಧ ಬಹಿಷ್ಕಾರ ನಡೆಯುತ್ತಿತ್ತು. ಅದರ ಮುಂದಾಳು, 27 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್, ನಡುರಾತ್ರಿ ಅಡುಗೆಮನೆಯ ಮೇಜಿನ ಮುಂದೆ ಒಬ್ಬರೇ ಕೂತಿದ್ದರು. ಕೊಲ್ಲುತ್ತೇವೆ ಅಂತ ಫೋನ್ ಬಂದಿತ್ತು. ಒಳಗೆ ಹೆಂಡತಿ, ಹಸುಗೂಸು ಮಲಗಿದ್ದರು. ಹೇಗೆ ಹಿಂದೆ ಸರಿಯಲಿ ಅಂತಲೇ ಯೋಚಿಸುತ್ತಿದ್ದರು. ಆಗ ಪ್ರಾರ್ಥಿಸಿದರು, ನಾನು ಸೋತಿದ್ದೇನೆ, ನನ್ನಲ್ಲಿ ಬಲ ಉಳಿದಿಲ್ಲ ಅಂತ. ನೋಡುವವರು ಯಾರೂ ಇರಲಿಲ್ಲ. ಮೂರು ದಿನದ ನಂತರ ಅವರ ಮನೆಗೆ ಬಾಂಬು ಬಿತ್ತು. ಸಿಟ್ಟಿಗೆದ್ದ ಜನ ಆಯುಧ ಹಿಡಿದು ಬಂದರು. ಕಿಂಗ್ ಒಡೆದ ವರಾಂಡದಲ್ಲಿ ನಿಂತು ಎಲ್ಲರನ್ನೂ ಸಮಾಧಾನ ಮಾಡಿ ಮನೆಗೆ ಕಳಿಸಿದರು. ಆ ಬಹಿಷ್ಕಾರ 381 ದಿನ ನಡೆಯಿತು. ಗೆದ್ದಿತು.

ನಿಮ್ಮದೇ ಧರ್ಮದವರನ್ನು ಮಾತ್ರ ಕಟ್ಟಿಕೊಂಡು ಹೋಗಬೇಡಿ. 2003ರಲ್ಲಿ ಆಫ್ರಿಕಾದ ಲೈಬೀರಿಯಾ ದೇಶದ ಅಂತರ್ಯುದ್ಧ ನಿಲ್ಲಿಸಲು ಲೇಮಾ ಬೋವಿ ಅವರ ಜೊತೆ ಕ್ರೈಸ್ತ ಹೆಂಗಸರೂ ಮುಸ್ಲಿಂ ಹೆಂಗಸರೂ ಬಿಳಿ ಬಟ್ಟೆ ತೊಟ್ಟು, ರಾಜಧಾನಿ ಮನ್ರೋವಿಯಾದ ಮೀನು ಮಾರುಕಟ್ಟೆಯ ಹತ್ತಿರ ಬಿಸಿಲು ಮಳೆ ಅನ್ನದೆ ಕೂತರು. ಬೇರೆ ಧರ್ಮದವರ ಜೊತೆ ಕೂತರೆ ನಮ್ಮ ನಂಬಿಕೆ ಕೆಡುತ್ತದೆ ಅನ್ನುವ ಅಳುಕು ಅವರಲ್ಲೂ ಕೆಲವರಿಗೆ ಇತ್ತು. ಆದರೆ ಗುಂಡಿಗೆ ಯಾರು ಯಾವ ಧರ್ಮ ಅಂತ ಗೊತ್ತಾಗುತ್ತದಾ? ಯಾರ ಪ್ರಾರ್ಥನೆಯೂ ಕೆಡಲಿಲ್ಲ. ಆ ವರ್ಷವೇ ಯುದ್ಧ ನಿಂತಿತು. 2011ರಲ್ಲಿ ಬೋವಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಭಕ್ತರಿಗೆ ಇನ್ನೊಂದು ವಿಶೇಷ ಅಪಾಯ ಇದೆ. ತಲೆಬಾಗುವುದು ನಮಗೆ ರೂಢಿ. ದೇವರ ಮುಂದೆ ಬಾಗಿದ ತಲೆ ನಾಯಕರ ಮುಂದೆಯೂ ಸುಲಭವಾಗಿ ಬಾಗುತ್ತದೆ. ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇದನ್ನೇ. ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿ ಆಗಬಹುದು, ರಾಜಕೀಯದಲ್ಲಿ ಭಕ್ತಿ ಅವನತಿಗೆ, ಕೊನೆಗೆ ಸರ್ವಾಧಿಕಾರಕ್ಕೆ ದಾರಿ ಅಂದರು. ಏಳು ವರ್ಷದ ನಂತರ ತಾವೇ ಬೌದ್ಧ ಧರ್ಮ ಸ್ವೀಕರಿಸಿದವರು ಅವರು. ಹಾಗಾಗಿ ಇದು ಧರ್ಮ ಬೇಡ ಅನ್ನುವವರ ಮಾತಲ್ಲ. ಪಕ್ಷದ ನಾಯಕರಿಗೆ ಗೌರವ ಕೊಡಿ, ದುಡಿಯಿರಿ. ಪ್ರಶ್ನೆ ಕೇಳುವುದನ್ನು ಮಾತ್ರ ಬಿಡಬೇಡಿ. ನಿಮ್ಮ ದೇವರಿಗೆ ಕೊಟ್ಟದ್ದನ್ನು ಅವರಿಗೆ ಕೊಡಬೇಡಿ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಒಂದೊಂದು ದೇಶದಲ್ಲಿ ಒಂದೊಂದು ನಿಯಮ ಇದೆ, ಕಣಕ್ಕಿಳಿಯುವ ಮುಂಚೆ ನಿಮ್ಮದನ್ನು ಓದಿಕೊಳ್ಳಿ. ಭಾರತದಲ್ಲಿ ಧರ್ಮದ ಹೆಸರಿನಲ್ಲಿ ಓಟು ಕೇಳುವುದು 1951ರ ಜನಪ್ರತಿನಿಧಿ ಕಾಯ್ದೆಯ 123ನೇ ಕಲಮಿನ ಪ್ರಕಾರ ಚುನಾವಣಾ ಅಕ್ರಮ. ಅಭ್ಯರ್ಥಿಯ ಧರ್ಮ ಅಷ್ಟೇ ಅಲ್ಲ, ಮತದಾರರ ಧರ್ಮದ ಹೆಸರಲ್ಲಿ ಕೇಳಿದರೂ ತಪ್ಪು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4-3ರ ಬಹುಮತದಿಂದ ಹೇಳಿತು. ಧಾರ್ಮಿಕ ಸಂಸ್ಥೆಗಳ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸಬಾರದು ಅನ್ನುವ 1988ರ ಕಾಯ್ದೆಯೂ ಇದೆ. ನೀವು ಸಾಮಾನ್ಯ ಭಕ್ತರಲ್ಲ, ಧರ್ಮಗುರುಗಳು ಅಂತಾದರೆ ನಿಮ್ಮ ಪಂಥದ ನಿಯಮವನ್ನೂ ನೋಡಬೇಕು. ಆಡಳಿತದ ಅಧಿಕಾರ ಇರುವ ಸಾರ್ವಜನಿಕ ಹುದ್ದೆ ಪಾದ್ರಿಗಳಿಗೆ ಬೇಡ ಅಂತ ಕ್ಯಾಥೊಲಿಕ್ ಚರ್ಚಿನ ಕಾನೂನೇ ಹೇಳುತ್ತದೆ.

ಹಣದ ವಿಷಯದಲ್ಲಿ ಬಸವಣ್ಣನವರನ್ನು ನೆನಪಿಸಿಕೊಳ್ಳಿ. 12ನೇ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು ಅವರು. ರಾಜ್ಯದ ಬೊಕ್ಕಸವನ್ನು ಜಂಗಮರಿಗೆ ಸುರಿಯುತ್ತಿದ್ದಾರೆ ಅಂತ ಅವರ ಮೇಲೆ ಚಾಡಿ ಹೋಯಿತು, ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿತ್ತು ಅಂತ ಕಥೆ ಇದೆ. ಭಕ್ತರ ಮೇಲೆ ಈ ಅನುಮಾನ ಮೊದಲು ಬರುತ್ತದೆ, ತಮ್ಮವರಿಗೇ ಮಾಡಿಕೊಡುತ್ತಾರೆ ಅಂತ. ಬೇಜಾರು ಮಾಡಿಕೊಳ್ಳಬೇಡಿ. ಯಾರೂ ಕೇಳುವ ಮುಂಚೆಯೇ ಲೆಕ್ಕ ತೆರೆದಿಡಿ. ನಿಮ್ಮ ಪ್ರಾರ್ಥನಾ ಮಂದಿರಕ್ಕೆ ಅನುದಾನ ಕೊಡಿಸುವ ಪ್ರಸ್ತಾವ ಬಂದರೆ ಆ ಚರ್ಚೆಯಿಂದ ಎದ್ದು ಹೊರಗೆ ಕೂರಿ.

ಶುರು ಎಲ್ಲಿಂದ ಅಂದರೆ, ಟಿಕೆಟ್ ಕೇಳುವುದರಿಂದ ಅಲ್ಲ. ಸ್ಥಳೀಯ ಸಂಸ್ಥೆಯ ಸಭೆಗಳಿಗೆ ಒಂದು ವರ್ಷ ಸುಮ್ನೆ ಹೋಗಿ ಹಿಂದೆ ಕೂರಿ. ಒಂದೇ ಒಂದು ಸಣ್ಣ ಕೆಲಸ ಹಿಡಿದು ಮುಗಿಸಿ. ಅದು ನಿಮ್ಮವರಲ್ಲದವರಿಗೂ ಉಪಯೋಗ ಆಗುವ ಕೆಲಸ ಆಗಿರಲಿ.

ಜೊತೆಗೆ ನಿಮ್ಮ ಮುಖಕ್ಕೇ ಹೇಳುವ ಇಬ್ಬರನ್ನು ಹುಡುಕಿಕೊಳ್ಳಿ. ಒಬ್ಬರು ನಿಮ್ಮ ಜೊತೆ ಪ್ರಾರ್ಥನೆ ಮಾಡುವವರು, ಇನ್ನೊಬ್ಬರು ನಿಮ್ಮ ದೇವರನ್ನು ಒಪ್ಪದವರು. ತಿಂಗಳಿಗೊಮ್ಮೆ ಅವರ ಎದುರು ಕೂತು ಕೇಳಿ. ನಾನು ಬದಲಾಗಿದ್ದೇನಾ? ನನ್ನ ಮಾತಿನಿಂದ ಯಾರಿಗೆ ಪೆಟ್ಟು ಬಿತ್ತು? ದೂರ ಹುಡುಕುವುದು ಬೇಡ. ಕೆಸರು ಅಂದ ಆ ಹಿರಿಯರು, ಧರ್ಮ ಬಿಟ್ಟು ಬಾ ಅಂದ ಆ ಗೆಳೆಯರು ಇದ್ದಾರಲ್ಲ, ಮೊದಲು ಅವರನ್ನೇ ಕೇಳಿ ನೋಡಿ.