ಗ್ರಾಫಿಕ್ಸ್ ಕಾರ್ಡ್ ಸತ್ತಿದೆಯಾ, ಸುಮ್ನೆ ಮುನಿಸಿಕೊಂಡಿದೆಯಾ?

ಗೇಮ್ ಆಡುವಾಗ ಪರದೆ ತುಂಬ ಗುಲಾಬಿ, ಹಸಿರು ಚೌಕಗಳು ಎದ್ದವು ಅಂದರೆ ಸಾಕು, ಎಲ್ಲರ ತೀರ್ಪೂ ಒಂದೇ: ಗ್ರಾಫಿಕ್ಸ್ ಕಾರ್ಡ್ ಹೋಯ್ತು, ಹೊಸದು ತಗೊಳ್ಳಿ. ಹೊಸದರ ಬೆಲೆ ಗೊತ್ತಲ್ಲ, ಕೆಲವು ಸಲ ಉಳಿದ ಇಡೀ ಕಂಪ್ಯೂಟರಿಗಿಂತ ಜಾಸ್ತಿ. ಹಾಗಾಗಿ ತೀರ್ಪಿಗೆ ಮುಂಚೆ ಸ್ವಲ್ಪ ವಿಚಾರಣೆ ಆಗಲಿ. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಈ ಕಾರ್ಡ್ ಕೆಡುವಾಗ ತನಗೇನಾಗಿದೆ ಅನ್ನುವುದನ್ನು ಎಷ್ಟೋ ಸಲ ಪರದೆಯ ಮೇಲೇ ಬರೆದು ತೋರಿಸುತ್ತದೆ. ಅದನ್ನು ಓದಲು ಬರಬೇಕು ಅಷ್ಟೇ.

ಮೊದಲ ಪರೀಕ್ಷೆಗೆ ಸ್ಕ್ರೂಡ್ರೈವರ್ ಕೂಡ ಬೇಡ. ಚೌಕಗಳೋ ಗೆರೆಗಳೋ ಕಾಣುತ್ತಿರುವಾಗಲೇ ಸ್ಕ್ರೀನ್‌ಶಾಟ್ ತೆಗೆಯಿರಿ. ಮೊಬೈಲಿನಲ್ಲಿ ಫೋಟೋ ಹೊಡೆಯುವುದಲ್ಲ, ಕೀಬೋರ್ಡಿನ ಪ್ರಿಂಟ್ ಸ್ಕ್ರೀನ್ ಒತ್ತಬೇಕು. ಅದನ್ನು ಫೋನಿಗೆ ಕಳಿಸಿ ನೋಡಿ. ಅಲ್ಲೂ ಗೆರೆ ಇದ್ದರೆ ಚಿತ್ರ ಕಾರ್ಡಿನ ಒಳಗೇ ಕೆಟ್ಟಿದೆ. ಫೋನಿನಲ್ಲಿ ಚಿತ್ರ ಚೊಕ್ಕವಾಗಿದ್ದರೆ ಅದು ಕೆಟ್ಟಿದ್ದು ಕಾರ್ಡಿನ ಮೆಮೊರಿ ಬಿಟ್ಟು ಹೊರಟ ಮೇಲೆ, ಅಂದರೆ ಪೋರ್ಟಿನಲ್ಲೋ ಕೇಬಲ್‌ನಲ್ಲೋ ಮಾನಿಟರ್‌ನಲ್ಲೋ. ಕೇಬಲ್ ಬದಲಿಸಿ ನೋಡುವುದಕ್ಕೆ ಹೆಚ್ಚು ದುಡ್ಡು ಬೇಕಾಗಿಲ್ಲ, ಅಲ್ವಾ?

ಎರಡನೆಯದು, ತೊಂದರೆ ಯಾವಾಗ ಶುರುವಾಗುತ್ತದೆ ಅನ್ನುವುದು. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಬರುವ ಕಂಪನಿಯ ಲೋಗೋ ಅಥವಾ ಬಯಾಸ್ (ವಿಂಡೋಸ್‌ಗೂ ಮುಂಚೆ ಏಳುವ ಮೂಲ ಸಾಫ್ಟ್‌ವೇರ್) ಪರದೆಯಲ್ಲೇ ಗೆರೆಗಳಿದ್ದರೆ ಡ್ರೈವರ್ (ಕಾರ್ಡನ್ನು ನಡೆಸಲು ವಿಂಡೋಸ್ ಬಳಸುವ ಸಾಫ್ಟ್‌ವೇರ್) ಮೇಲೆ ಗೂಬೆ ಕೂರಿಸಬೇಡಿ. ಆ ಹೊತ್ತಿಗೆ ವಿಂಡೋಸ್ ಇನ್ನೂ ಎದ್ದೇ ಇರುವುದಿಲ್ಲ, ಡ್ರೈವರ್ ಎಲ್ಲಿಂದ ಬರಬೇಕು? ಅಲ್ಲಿ ಸರಿ ಇದ್ದು, ವಿಂಡೋಸ್ ಬಂದ ಮೇಲೆ ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬರುತ್ತಿದ್ದರೆ ಆಗ ಡ್ರೈವರ್ ಅನ್ನು ಅನುಮಾನಿಸಬಹುದು. ಕೊಟ್ಟ ಕೆಲಸಕ್ಕೆ ಕಾರ್ಡ್ 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ತಾನೇ ಅದನ್ನು ರೀಸೆಟ್ ಮಾಡುತ್ತದೆ, ಆ ಮಿಣುಕು ಅದರದ್ದೇ. ಹಳೇ ಡ್ರೈವರನ್ನು ಬೇರು ಸಮೇತ ಕಿತ್ತು ಹೊಸದಾಗಿ ಹಾಕಿದರೆ ಎಷ್ಟೋ ಸಲ ಗುಣವಾಗುತ್ತದೆ. ಆಗದಿದ್ದರೆ ಮುಂದೆ ಓದಿ.

ಇನ್ನು ಆ ಚೌಕಗಳು. ಅವು ಇಷ್ಟು ಶಿಸ್ತಾಗಿ, ಸಮ ಅಂತರದಲ್ಲಿ ಯಾಕೆ ಬರುತ್ತವೆ ಅಂತ ಯೋಚಿಸಿದ್ದೀರಾ? ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿವೆ. ಒಂದೊಂದಕ್ಕೆ 4 ಬೈಟ್ ಅಂತ ಹಿಡಿದರೆ ಒಂದು ಚಿತ್ರಕ್ಕೆ 83 ಲಕ್ಷ ಬೈಟ್. ಇದನ್ನೆಲ್ಲ ಒಂದೇ ಮೆಮೊರಿ ಚಿಪ್‌ನಲ್ಲಿ ಇಡುವುದಿಲ್ಲ. ವೇಗ ಸಿಗಲಿ ಅಂತ ಸ್ವಲ್ಪ ಇದರಲ್ಲಿ, ಸ್ವಲ್ಪ ಪಕ್ಕದ್ದರಲ್ಲಿ, ಹೀಗೆ ಸರದಿಯ ಮೇಲೆ ಹಂಚುತ್ತಾರೆ. 256 ಬಿಟ್ ಬಸ್ (ಚಿಪ್ಪಿಗೂ ಮೆಮೊರಿಗೂ ನಡುವಿನ ಮಾಹಿತಿಯ ದಾರಿ) ಇರುವ 8 ಜಿಬಿ ಕಾರ್ಡ್ ಬಿಚ್ಚಿ ನೋಡಿದರೆ ಮಧ್ಯದ ದೊಡ್ಡ ಚಿಪ್ಪಿನ ಸುತ್ತ 8 ಮೆಮೊರಿ ಚಿಪ್‌ಗಳು ಕೂತಿರುತ್ತವೆ. ಅವುಗಳಲ್ಲಿ ಒಂದು ಕೈಕೊಟ್ಟರೆ ಅದರ ಪಾಲಿನ ಚುಕ್ಕೆಗಳಷ್ಟೇ ಬಣ್ಣ ತಪ್ಪುತ್ತವೆ, ಸರದಿ ಬಂದಾಗಲೆಲ್ಲ. ಅದಕ್ಕೇ ಆ ಚದುರಂಗದ ಮಣೆಯಂಥ ಮಾದರಿ. ಗೇಮಿನ ಆಕೃತಿಗಳಿಂದ ಚೂಪು ತ್ರಿಕೋನಗಳು ಮೊಳೆಗಳ ಹಾಗೆ ಆಚೆ ಚಾಚಿಕೊಂಡರೆ, ಆಕಾರದ ಮೂಲೆಗಳ ಲೆಕ್ಕ ಎಲ್ಲೋ ತಪ್ಪಿದೆ ಅಂತ ಅರ್ಥ. ಇದಕ್ಕೆ ಮೆಮೊರಿಯೂ ಕಾರಣ ಇರಬಹುದು, ಮಿತಿ ಮೀರಿ ಓವರ್‌ಕ್ಲಾಕ್ ಮಾಡಿದ್ದೂ, ಅಂದರೆ ಚಿಪ್ಪಿನ ವೇಗವನ್ನು ಕಂಪನಿ ಇಟ್ಟದ್ದಕ್ಕಿಂತ ಏರಿಸಿದ್ದೂ ಇರಬಹುದು. ಆ ವೇಗ ಸ್ವಲ್ಪ ಇಳಿಸಿ ನೋಡಿ.

ಚಿತ್ರವೇನೂ ಕೆಡದೆ, ಭಾರದ ಗೇಮ್ ಶುರುವಾದ ತಕ್ಷಣ ಇಡೀ ಕಂಪ್ಯೂಟರೇ ಪಟ್ ಅಂತ ಆಫ್ ಆದರೆ ಕಥೆ ಬೇರೆ. ನನ್ನ ಮೊದಲ ಅನುಮಾನ ಕಂಪ್ಯೂಟರಿಗೆ ಕರೆಂಟ್ ಹಂಚುವ ಡಬ್ಬಿಯಾದ ಎಸ್‌ಎಂಪಿಎಸ್ ಮೇಲೆ. ಕಾರ್ಡಿನ ಚಿಪ್ ಕೆಲಸ ಮಾಡುವುದು ಸುಮಾರು 1 ವೋಲ್ಟ್‌ನಲ್ಲಿ. ಅದು 200 ವ್ಯಾಟ್ ತಿಂದರೆ ಕರೆಂಟ್ ಎಷ್ಟಾಯ್ತು? ಹತ್ತಿರ ಹತ್ತಿರ 200 ಆಂಪಿಯರ್. ನಮ್ಮ ಮನೆಯ ಗೀಸರ್ ಸಾಕೆಟ್ ಇರುವುದೇ 16 ಆಂಪಿಯರಿಗೆ! ಸಾಕೆಟ್‌ನಲ್ಲಿ 230 ವೋಲ್ಟ್ ಇರುತ್ತದೆ ಅನ್ನುವುದು ನಿಜ, ಆದರೂ ಕಾರ್ಡಿನ ಮೇಲಿನ ಪುಟಾಣಿ ಭಾಗಗಳು 12 ವೋಲ್ಟನ್ನು 1 ವೋಲ್ಟಿಗೆ ಇಳಿಸಿ ಇಷ್ಟೊಂದು ಕರೆಂಟ್ ಸಾಗಿಸುತ್ತವೆ ಅನ್ನುವುದು ಸಣ್ಣ ಸಾಹಸವಲ್ಲ. ಮದರ್‌ಬೋರ್ಡ್ ಸ್ಲಾಟ್ ಕೊಡುವುದು 75 ವ್ಯಾಟ್ ಮಾತ್ರ. ಉಳಿದದ್ದು ಮೇಲಿನ ಪವರ್ ಕೇಬಲ್‌ನಿಂದ ಬರಬೇಕು: 6 ಪಿನ್ನಿನದಾದರೆ 75, 8 ಪಿನ್ನಿನದಾದರೆ 150. ಕಾರ್ಡ್ ಕ್ಷಣಮಾತ್ರಕ್ಕೆ ಇದಕ್ಕಿಂತ ತುಂಬ ಜಾಸ್ತಿ ಎಳೆದಾಗ ಅಗ್ಗದ ಎಸ್‌ಎಂಪಿಎಸ್ ಹೆದರಿ ಬಾಗಿಲು ಹಾಕಿಕೊಳ್ಳುತ್ತದೆ. ಕೇಬಲ್ ಪೂರ್ತಿ ಕೂತಿದೆಯಾ ಅನ್ನುವುದನ್ನೂ ನೋಡಿ. 2022ರ ಅಕ್ಟೋಬರಿನಲ್ಲಿ ಗ್ರಾಫಿಕ್ಸ್ ಚಿಪ್ ಕಂಪನಿ ಎನ್‌ವಿಡಿಯಾದ 4090 ಕಾರ್ಡುಗಳ ಕನೆಕ್ಟರ್ ಕರಗುತ್ತಿದೆ ಅಂತ ಗಲಾಟೆಯಾಯಿತಲ್ಲ, ಪ್ಲಗ್ ಪೂರ್ತಿ ಒಳಗೆ ಕೂರದೇ ಇರುವುದು ಒಂದು ಮುಖ್ಯ ಕಾರಣ ಅಂತ ಕಂಪನಿ ಆಮೇಲೆ ಹೇಳಿತು.

ಕಾರ್ಡ್ ತೆಗೆದು ಸ್ಲಾಟಿಗೆ ಕೂರುವ ಚಿನ್ನದ ಬಣ್ಣದ ಅಂಚನ್ನು ಒರೆಸಿ ಮತ್ತೆ ಕೂರಿಸುವುದು, ಬೇರೆ ಕಂಪ್ಯೂಟರಿಗೆ ಹಾಕಿ ನೋಡುವುದು, ಮಾನಿಟರ್ ಕೇಬಲ್ಲನ್ನು ಕಾರ್ಡಿಗೆ ಚುಚ್ಚಿದ್ದೀರೋ ಮದರ್‌ಬೋರ್ಡಿಗೋ ಅಂತ ನೋಡುವುದು, ಇವೆಲ್ಲ ಗೊತ್ತಿರುವ ಮಾತೇ. ಮಾಡಿ.

ಈಗ ನನಗೆ ಸಿಟ್ಟು ಬರಿಸುವ ವಿಷಯಕ್ಕೆ ಬರುತ್ತೇನೆ. ಕಾರ್ಡನ್ನು ಓವನ್‌ನಲ್ಲಿ 200 ಡಿಗ್ರಿಗೆ ಹತ್ತು ನಿಮಿಷ ಇಟ್ಟರೆ ಬಿಟ್ಟುಹೋದ ಬೆಸುಗೆ ಕರಗಿ ಕೂಡಿಕೊಳ್ಳುತ್ತದೆ ಅನ್ನುವ ಮನೆಮದ್ದು ವರ್ಷಗಟ್ಟಲೆ ಓಡಾಡುತ್ತಿದೆ. ಇದಕ್ಕೆ ಲೆಕ್ಕವೇ ಅಡ್ಡ ಬರುತ್ತದೆ. ಹಳೆಯ ಸೀಸ-ತವರದ ಬೆಸುಗೆ 183 ಡಿಗ್ರಿಗೆ ಕರಗುತ್ತಿತ್ತು. ಯುರೋಪಿನಲ್ಲಿ 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ಸ್‌ನಲ್ಲಿ ಸೀಸಕ್ಕೆ ಕಡಿವಾಣ ಬಿದ್ದ ಮೇಲೆ ಸಾಮಾನ್ಯವಾಗಿ ಬಳಸುವ ಬೆಸುಗೆ ಕರಗಲು ಶುರುವಾಗುವುದೇ 217ರ ಆಸುಪಾಸಿನಲ್ಲಿ. 200ಕ್ಕೆ ಅದು ಜಪ್ಪಯ್ಯ ಅನ್ನುವುದಿಲ್ಲ.

ಆದರೂ ಕೆಲವರ ಕಾರ್ಡ್ ಎದ್ದು ಕೂತಿದ್ದು ಸುಳ್ಳಲ್ಲ. ಅದು ಹೇಗೆ? ಎಷ್ಟೋ ಸಲ ತೊಂದರೆ ಇರುವುದು ಚಿಪ್ಪಿನ ಕೆಳಗೆ ಕಾಣುವ ಬೆಸುಗೆ ಗುಂಡುಗಳಲ್ಲಲ್ಲ, ಚಿಪ್ಪಿನ ಒಳಗೆ, ಸಿಲಿಕಾನ್ ತುಂಡನ್ನು ಅದರ ತಳದ ಹಲಗೆಗೆ ಅಂಟಿಸುವ ಕೂದಲೆಳೆಯಷ್ಟು ಸಣ್ಣ ಉಬ್ಬುಗಳಲ್ಲಿ. ಬಿಸಿಗೆ ಆ ಹಲಗೆ ಸಿಲಿಕಾನ್‌ಗಿಂತ ಸುಮಾರು 5 ಪಟ್ಟು ಜಾಸ್ತಿ ಹಿಗ್ಗುತ್ತದೆ. ಆನ್ ಮಾಡಿದಾಗ ಹಿಗ್ಗು, ಆಫ್ ಮಾಡಿದಾಗ ಕುಗ್ಗು. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಲೇ ಇದ್ದರೆ ಒಂದು ದಿನ ತುಂಡಾಗುತ್ತದಲ್ಲ, ಹಾಗೆ ಉಬ್ಬುಗಳೂ ಬಿರುಕು ಬಿಡುತ್ತವೆ. ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಇಂಥದ್ದೇ ತೊಂದರೆ ಬಂದು, ಚಿಪ್ ಮತ್ತು ಪ್ಯಾಕೇಜಿನ ವಸ್ತು ದುರ್ಬಲ ಅಂತ ಒಪ್ಪಿಕೊಂಡು ಎನ್‌ವಿಡಿಯಾ 2008ರ ಜುಲೈನಲ್ಲಿ 15ರಿಂದ 20 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಓವನ್ನಿನ ಬಿಸಿಗೆ ಹಲಗೆ ಒಂಚೂರು ಸೊಟ್ಟಗಾಗಿ ಬಿರುಕಿನ ಎರಡು ಅಂಚುಗಳು ಮತ್ತೆ ತಾಗುತ್ತವೆ ಅಷ್ಟೇ, ಕೂಡಿಕೊಳ್ಳುವುದಿಲ್ಲ. ಕೆಲವು ದಿನ ಓಡುತ್ತದೆ, ಮತ್ತೆ ಮಲಗುತ್ತದೆ. ಅಷ್ಟರಲ್ಲಿ ಪ್ಲಾಸ್ಟಿಕ್ ಕನೆಕ್ಟರ್, ವಿದ್ಯುತ್ ಹಿಡಿದಿಡುವ ಕೆಪಾಸಿಟರ್‌ಗಳ ಆಯಸ್ಸನ್ನೂ ತಿಂದಿರುತ್ತದೆ. ಆ ಹೊಗೆ ಕುಡಿದ ಓವನ್‌ನಲ್ಲಿ ಆಮೇಲೆ ಅಡುಗೆ ಮಾಡುವುದಂತೂ ಬೇಡವೇ ಬೇಡ.

ರಿಪೇರಿ ಅಂಗಡಿಯಲ್ಲಿ ಹಾಟ್ ಏರ್ ಗನ್ ಹಿಡಿದು "ಹೀಟ್ ಮಾಡಿ ಕೊಡ್ತೀವಿ" ಅಂದರೂ ಎಷ್ಟೋ ಸಲ ಇದೇ ಆಟ. ಕೆಟ್ಟ ಮೆಮೊರಿ ಚಿಪ್ ಬದಲಿಸುವುದು, ಶಾರ್ಟ್ ಆದ ಕೆಪಾಸಿಟರ್ ಅಥವಾ ಮಾಸ್ಫೆಟ್ (ಕರೆಂಟನ್ನು ಬಿಟ್ಟು ತಡೆಯುವ ಪುಟ್ಟ ಸ್ವಿಚ್) ಬದಲಿಸುವುದು ನಿಜವಾದ ರಿಪೇರಿ. ಯಾವ ಭಾಗ ಬದಲಿಸಿದಿರಿ ಅಂತ ಕೇಳಿ, ಹಳೆಯದನ್ನು ವಾಪಸ್ ತೆಗೆದುಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕಾರ್ಡ್ ನೋಡುತ್ತಿರುವವರಿಗೂ ಇದು ಕೆಲಸಕ್ಕೆ ಬರುತ್ತದೆ. 2022ರ ಸೆಪ್ಟೆಂಬರ್ 15ರಂದು ಎಥೀರಿಯಮ್ ಅನ್ನುವ ಕ್ರಿಪ್ಟೋ ಹಣ ತನ್ನ ವಿಧಾನ ಬದಲಿಸಿ ಗ್ರಾಫಿಕ್ಸ್ ಕಾರ್ಡ್ ಮೈನಿಂಗಿಗೆ (ಕಾರ್ಡಿನಿಂದ ಹಗಲಿರುಳು ಲೆಕ್ಕ ಮಾಡಿಸಿ ಆ ಹಣ ಗಳಿಸುವುದಕ್ಕೆ) ಬಾಗಿಲು ಹಾಕಿತು, ದುಡಿದು ದಣಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಮೈನಿಂಗ್ ಕಾರ್ಡ್ ಅಂದರೆ ಜನ ಮಾರು ದೂರ ಹೋಗುತ್ತಾರೆ. ಆದರೆ ದಿನವಿಡೀ ಒಂದೇ ಬಿಸಿಯಲ್ಲಿದ್ದ ಕಾರ್ಡಿಗೆ ಹಿಗ್ಗಿ ಕುಗ್ಗುವ ಕಾಟ ಕಡಿಮೆ. ಅದರಲ್ಲಿ ಸವೆದಿರುವುದು ಫ್ಯಾನ್ ಮತ್ತು ಮೆಮೊರಿ ಮೇಲೆ ಕೂತು ಅದರ ಬಿಸಿ ಸಾಗಿಸುವ ಥರ್ಮಲ್ ಪ್ಯಾಡ್, ಎರಡನ್ನೂ ಬದಲಿಸಬಹುದು. ಮೆಮೊರಿ ಕೆಟ್ಟಿರುವ ಸಾಧ್ಯತೆಯೂ ಇದ್ದೇ ಇದೆ. ಹಾಗಾಗಿ ದುಡ್ಡು ಕೊಡುವ ಮುಂಚೆ ಮಾರುವವರೆದುರೇ ಕಾರ್ಡ್ ಚೆನ್ನಾಗಿ ಬಿಸಿಯಾಗುವ ತನಕ ಕಾರ್ಡಿನ ಮೆಮೊರಿ ಪರೀಕ್ಷಿಸುವ ಸಾಫ್ಟ್‌ವೇರ್ ಓಡಿಸಿ. ತಣ್ಣಗಿರುವಾಗ ಡೆಸ್ಕ್‌ಟಾಪ್ ತೋರಿಸಿ ಕಳಿಸುವ ಮಾರಾಟಗಾರನ ಹತ್ತಿರ ಕೊಳ್ಳಬೇಡಿ.